ಟೊಲೆಡೊದಿಂದ ತುಂಗಭದ್ರೆಯವರೆಗೆ: ಉಪಗ್ರಹ ನೀರನ್ನು ಎಷ್ಟು ಓದಬಲ್ಲದು?

(ಹೊಸಪೇಟೆಯಲ್ಲಿ ಆಡಿದ ಮಾತಿನ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಹಾಗಾಗಿ ಕೆಲವು ಕಡೆ ವಿವರಣೆ ಸ್ವಲ್ಪ ಬೆಳೆಸಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

2014ರ ಆಗಸ್ಟ್ 2, ಶನಿವಾರ. ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊ ಊರಿನಲ್ಲಿ ಬೆಳಕು ಹರಿಯುವ ಮೊದಲೇ ಒಂದು ಎಚ್ಚರಿಕೆ ಹೊರಟಿತು. ನಲ್ಲಿ ನೀರು ಕುಡಿಯಬೇಡಿ. ಕುದಿಸಿಯೂ ಕುಡಿಯಬೇಡಿ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ವಿಷ ಪಾತ್ರೆಯಲ್ಲೇ ಉಳಿಯುತ್ತದೆ. ನಾಲ್ಕೈದು ಲಕ್ಷ ಜನರಿಗೆ ಹೆಚ್ಚುಕಡಿಮೆ ಮೂರು ದಿನ ಕುಡಿಯಲು ನಲ್ಲಿ ನೀರಿಲ್ಲ. ಆ ಊರು ಇರುವುದು ಈರಿ ಸರೋವರದ ದಂಡೆಯಲ್ಲಿ. ಜಗತ್ತಿನ ದೊಡ್ಡ ಸಿಹಿನೀರಿನ ಸರೋವರಗಳಲ್ಲಿ ಅದೂ ಒಂದು. ಕಣ್ಣೆದುರಿಗೆ ಅಷ್ಟು ನೀರು, ಕುಡಿಯಲು ಮಾತ್ರ ಒಂದು ಲೋಟವೂ ಇಲ್ಲ.

ಕಾರಣ ಮೈಕ್ರೋಸಿಸ್ಟಿಸ್ ಅನ್ನುವ ಜೀವಿ. ನೀಲಿ-ಹಸಿರು ಪಾಚಿ ಅಂತ ಕರೆಯುತ್ತೇವೆ, ಆದರೆ ಅದು ಬ್ಯಾಕ್ಟೀರಿಯಾ ಜಾತಿಗೆ ಸೇರಿದ್ದು. ಅದು ಮೈಕ್ರೋಸಿಸ್ಟಿನ್ ಎಂಬ ವಿಷ ಬಿಡುತ್ತದೆ. ಏಟು ಬೀಳುವುದು ಯಕೃತ್ತಿಗೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಗ್ರಾಂನ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಟೊಲೆಡೊದ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಆ ಮಿತಿ ದಾಟಿತ್ತು.

ಈ ಕಥೆಯಲ್ಲಿ ನನ್ನ ಗಮನ ಸೆಳೆದದ್ದು ಬೇರೆಯೇ ಸಂಗತಿ. ಆ ವರ್ಷದ ಪಾಚಿ ಅಷ್ಟೇನೂ ದೊಡ್ಡದಾಗಿರಲಿಲ್ಲ. 2011ರಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ಪಾಚಿ ಬಂದಿತ್ತು. 2015ರಲ್ಲಿ ಬಂದದ್ದು ಅದಕ್ಕಿಂತಲೂ ದೊಡ್ಡದು. ಆ ವರ್ಷಗಳಲ್ಲಿ ಟೊಲೆಡೊದ ನಲ್ಲಿ ನಿಲ್ಲಲಿಲ್ಲ. 2014ರಲ್ಲಿ ಮಾತ್ರ ಗಾಳಿ ಮತ್ತು ಅಲೆ ಸೇರಿ ಪಾಚಿಯನ್ನು ತಂದು, ಊರು ನೀರೆತ್ತುವ ಜಾಗದ ನೆತ್ತಿಯ ಮೇಲೇ ನಿಲ್ಲಿಸಿದವು. ಸರೋವರದಲ್ಲಿ ಒಟ್ಟು ಎಷ್ಟು ಪಾಚಿ ಇದೆ ಅನ್ನುವುದು ಒಂದು ಪ್ರಶ್ನೆ. ನಾಳೆ ಬೆಳಗ್ಗೆ ಅದು ಎಲ್ಲಿರುತ್ತದೆ, ಎಷ್ಟು ಆಳದಲ್ಲಿರುತ್ತದೆ ಅನ್ನುವುದು ಇನ್ನೊಂದು. ಊರಿಗೆ ಬೇಕಾಗಿದ್ದು ಎರಡನೆಯದರ ಉತ್ತರ.

ಇವತ್ತಿನ ಮಾತೆಲ್ಲ ಇದರ ಸುತ್ತಲೇ. ಉಪಗ್ರಹ ನಮಗೆ ಇವತ್ತಿನ ನೀರಿನ ಮೇಲ್ಮೈಯನ್ನು ತೋರಿಸುತ್ತದೆ. ಅದರಿಂದ ನಾಳೆಯ ಮಾತು ಹೇಳಬೇಕಾದರೆ ನೆಲದ ಮೇಲೆ ಯಾರೋ ವರ್ಷಗಟ್ಟಲೆ ನೀರು ತುಂಬಿ ತಂದು ಅಳೆದಿರಬೇಕು. ಈ ಎರಡನೆಯ ಕೆಲಸಕ್ಕೆ ಹೆಸರಿಲ್ಲ, ಫೋಟೊ ಇಲ್ಲ, ಉದ್ಘಾಟನೆಯೂ ಇಲ್ಲ. ಹಾಗಾಗಿಯೇ ಅದು ಬೇಗ ನಿಂತುಹೋಗುತ್ತದೆ.

ಈರಿಯಲ್ಲಿ ಮುನ್ಸೂಚನೆ ಹೇಗೆ ತಯಾರಾಗುತ್ತದೆ

ಸರೋವರದ ಪಶ್ಚಿಮ ತುದಿ ಆಳವಿಲ್ಲದ ಜಾಗ, ಸರಾಸರಿ ಏಳು ಮೀಟರಿನ ಆಸುಪಾಸು. ಮೌಮೀ ನದಿ ಬಂದು ಸೇರುವುದು ಅಲ್ಲಿಯೇ. ನದಿಯ ಉದ್ದಕ್ಕೂ ಜೋಳ, ಸೋಯಾ ಬೆಳೆಯುವ ಹೊಲಗಳು. ಮಾರ್ಚ್‌ನಿಂದ ಜುಲೈವರೆಗೆ ಬೀಳುವ ಮಳೆ ಹೊಲದ ರಂಜಕವನ್ನು ತೊಳೆದು ನದಿಗೆ ತರುತ್ತದೆ. ಪಾಚಿಗೆ ಅದೇ ಗೊಬ್ಬರ. ಆ ಐದು ತಿಂಗಳಲ್ಲಿ ಎಷ್ಟು ರಂಜಕ ಬಂತು ಅನ್ನುವುದರ ಮೇಲೆ ಆ ಬೇಸಿಗೆಯ ಪಾಚಿ ಎಷ್ಟು ದೊಡ್ಡದಾಗಬಹುದು ಅನ್ನುವ ಅಂದಾಜು ನಿಂತಿದೆ. 2012ರಲ್ಲಿ ಬರ ಬಿತ್ತು, ಪಾಚಿ ಕಡಿಮೆ. 2015ರ ಜೂನ್‌ನಲ್ಲಿ ಸುರಿಮಳೆ, ಪಾಚಿ ದಾಖಲೆ ಮಟ್ಟ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾ 2012ರಿಂದ ಪ್ರತಿ ವರ್ಷ ಈ ಋತು ಮುನ್ಸೂಚನೆ ಕೊಡುತ್ತಿದೆ.

ಆ ರಂಜಕವನ್ನು ಅಳೆಯುವವರು ಯಾರು? ಹೈಡೆಲ್‌ಬರ್ಗ್ ಅಂತ ಒಹಾಯೊದ ಒಂದು ಸಣ್ಣ ವಿಶ್ವವಿದ್ಯಾಲಯ. 1970ರ ದಶಕದಿಂದ ಅವರು ಮೌಮೀ ನದಿಯ ನೀರು ಹಿಡಿದು ಪರೀಕ್ಷೆ ಮಾಡುತ್ತಾ ಬಂದಿದ್ದಾರೆ. ಅವರು ಶುರು ಮಾಡಿದಾಗ ಇದು ಮುಂದೊಂದು ದಿನ ಉಪಗ್ರಹದ ಚಿತ್ರದ ಜೊತೆ ಕೂಡುತ್ತದೆ ಅಂತ ಯಾರಿಗೆ ಗೊತ್ತಿತ್ತು? ಸುಮ್ನೆ ಅಳೆದರು, ಬರೆದಿಟ್ಟರು, ಮರುದಿನ ಮತ್ತೆ ಅಳೆದರು.

ಋತುವಿನ ಅಂದಾಜು ಆಯಿತು. ಇನ್ನು ನಾಳೆ, ನಾಡಿದ್ದಿನ ಮಾತು. ಇಲ್ಲಿ ಉಪಗ್ರಹ ಬರುತ್ತದೆ. ಯುರೋಪಿನ ಸೆಂಟಿನೆಲ್-3 ಉಪಗ್ರಹ ಇಡೀ ಸರೋವರವನ್ನು 300 ಮೀಟರ್ ಚೌಕಗಳಾಗಿ ನೋಡುತ್ತದೆ. ಪ್ರತಿ ಚೌಕದಿಂದ ಬರುವ ಬೆಳಕಿನಲ್ಲಿ ಕೆಲವು ಬಣ್ಣಗಳನ್ನು ಹೋಲಿಸಿ, ಇಲ್ಲಿ ಪಾಚಿ ಇಷ್ಟಿದೆ ಅನ್ನುವ ಸೂಚ್ಯಂಕ ಮಾಡುತ್ತಾರೆ. ಆ ಚಿತ್ರವನ್ನು ಸರೋವರದ ಹರಿವು, ಗಾಳಿ, ಉಷ್ಣತೆಗಳ ಕಂಪ್ಯೂಟರ್ ಮಾದರಿಗೆ ಕೊಡುತ್ತಾರೆ. ಇವತ್ತು ಇಲ್ಲಿರುವ ಪಾಚಿ ಮುಂದಿನ ಕೆಲವು ದಿನಗಳಲ್ಲಿ ಎತ್ತ ಸಾಗುತ್ತದೆ ಅನ್ನುವುದನ್ನು ಮಾದರಿ ಹೇಳುತ್ತದೆ. ಹೊಸ ಚಿತ್ರ ಬಂದಾಗ ಮಾದರಿಯನ್ನು ಮತ್ತೆ ಸರಿದಾರಿಗೆ ತರುತ್ತಾರೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಮೈಕ್ರೋಸಿಸ್ಟಿಸ್ ಕೋಶದೊಳಗೆ ಸಣ್ಣ ಗಾಳಿಚೀಲಗಳಿವೆ. ಗಾಳಿ ಬೀಸದ ದಿನ ಅದು ಕಾಯಿಸಿಟ್ಟ ಹಾಲಿನ ಕೆನೆ ಹಾಗೆ ಮೇಲೆ ಬಂದು ಕಟ್ಟುತ್ತದೆ. ಗಾಳಿ ಜೋರಾಗಿ ಬೀಸಿದರೆ ಕದಡಿ ಕೆಳಗಿಳಿಯುತ್ತದೆ. ಉಪಗ್ರಹ ನೋಡುವುದು ಮೇಲಿನ ಒಂದೆರಡು ಅಡಿ ಮಾತ್ರ. ಗಾಳಿ ಬೀಸಿದ ಮರುದಿನದ ಚಿತ್ರದಲ್ಲಿ ಪಾಚಿ ಕಡಿಮೆ ಕಾಣುತ್ತದೆ. ಯಾರಾದರೂ ಅದನ್ನು ನೋಡಿ ಅಬ್ಬಾ, ಪಾಚಿ ಹೋಯಿತು ಅಂದುಕೊಂಡರೆ ಮುಗಿಯಿತು. ಅದು ಹೋಗಿಲ್ಲ, ನೀರೆತ್ತುವ ಕೊಳವೆ ಇರುವ ಆಳಕ್ಕೆ ಇಳಿದಿದೆ. ಗಾಳಿಯ ವೇಗ ಗೊತ್ತಿಲ್ಲದೆ ಆ ಚಿತ್ರವನ್ನು ಓದುವುದು ಅಪಾಯ.

ಇನ್ನೊಂದು ಸಂಗತಿ, ಅಡ್ಡಮಾತಾಗಿ. ಈ ಕೆಲಸಕ್ಕೆ ಮೊದಲು ಬಳಸುತ್ತಿದ್ದುದು ಯುರೋಪಿನ ಎನ್ವಿಸ್ಯಾಟ್ ಉಪಗ್ರಹದ ಮೆರಿಸ್ ಉಪಕರಣ. 2012ರ ಏಪ್ರಿಲ್‌ನಲ್ಲಿ ಎನ್ವಿಸ್ಯಾಟ್ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿತು. ಅದರ ಜಾಗಕ್ಕೆ ಸೆಂಟಿನೆಲ್-3 ಬಂದದ್ದು 2016ರಲ್ಲಿ. ಟೊಲೆಡೊ ಘಟನೆ ನಡೆದದ್ದು ಈ ನಾಲ್ಕು ವರ್ಷದ ಖಾಲಿ ಜಾಗದಲ್ಲಿ. ನಾಸಾದ ಮೋಡಿಸ್ ಉಪಕರಣದಿಂದ ಹೇಗೋ ಸುಧಾರಿಸಿದರು. ಪಾಚಿ ಗುರುತಿಸಲು ಬೇಕಾದ ಕೆಲವು ಬಣ್ಣಪಟ್ಟಿಗಳು ಅದರಲ್ಲಿ ಇಲ್ಲ. ಒಂದು ಉಪಗ್ರಹ ಕೆಟ್ಟರೆ ಬದಲಿ ಇಲ್ಲದ ವ್ಯವಸ್ಥೆಯನ್ನು ವ್ಯವಸ್ಥೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ನೀರಿನ ಬಣ್ಣ

ಬೆಳಕಿನ ಮಾತು ಬಂದಾಗ ಸಿ.ವಿ. ರಾಮನ್ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1921ರಲ್ಲಿ ಇಂಗ್ಲೆಂಡಿನಿಂದ ನಾರ್ಕುಂಡಾ ಹಡಗಿನಲ್ಲಿ ಮರಳುವಾಗ ಅವರು ಸಮುದ್ರದ ನೀಲಿಯನ್ನು ಪರೀಕ್ಷಿಸಿದರು. ಸಮುದ್ರ ನೀಲಿಯಾಗಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಅಂತ ಲಾರ್ಡ್ ರೇಲಿ ಅಂಥವರೇ ಹೇಳಿದ್ದರು. ರಾಮನ್ ಒಂದು ನಿಕೋಲ್ ಪ್ರಿಸಂ ಹಿಡಿದು ಮೇಲ್ಮೈಯಿಂದ ಹೊಳೆದು ಬರುವ ಆಕಾಶದ ಬೆಳಕನ್ನು ತಡೆದು ನೋಡಿದರು. ನೀಲಿ ಕಡಿಮೆಯಾಗುವ ಬದಲು ಇನ್ನೂ ಗಾಢವಾಯಿತು. ಬಣ್ಣ ನೀರಿನೊಳಗಿಂದಲೇ ಬರುತ್ತಿತ್ತು. ಮುಂದೆ ಇದೇ ಜಾಡಿನಲ್ಲಿ ನಡೆದು ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. ಇವತ್ತು ಉಪಗ್ರಹದಿಂದ ಸಮುದ್ರದ ಬಣ್ಣ ಲೆಕ್ಕ ಹಾಕುವವರು ನೀರಿನ ರಾಮನ್ ಚೆದುರುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಹಡಗಿನ ಮೇಲೆ ರಾಮನ್ ಎದುರಿಸಿದ ತೊಂದರೆಯೇ ಉಪಗ್ರಹಕ್ಕೂ ಇದೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಸಮುದ್ರದ ಮೇಲಿಂದ ಉಪಗ್ರಹಕ್ಕೆ ತಲುಪುವ ಬೆಳಕಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರನ್ನು ಮುಟ್ಟಿಯೇ ಇರುವುದಿಲ್ಲ. ಗಾಳಿ, ದೂಳು, ತೇವಾಂಶ ಚೆದುರಿಸಿದ ಬೆಳಕು ಅದು. ಅದನ್ನು ಕಳೆದು ಉಳಿದ ಹತ್ತು ಪಾಲಿನಲ್ಲಿ ನಾವು ನೀರಿನ ಕಥೆ ಹುಡುಕಬೇಕು. ಕಳೆಯುವ ಲೆಕ್ಕದಲ್ಲಿ ಸಣ್ಣ ತಪ್ಪಾದರೂ ಉಳಿದದ್ದು ಪೂರ್ತಿ ಕೆಡುತ್ತದೆ. ಕೆರೆಯಾದರೆ ಇನ್ನೂ ಕಷ್ಟ. ದಂಡೆಯ ಗಿಡಮರದ ಬೆಳಕು ಪಕ್ಕದ ನೀರಿನ ಚೌಕಕ್ಕೂ ಸೋರುತ್ತದೆ.

ಉಳಿದ ಆ ಹತ್ತು ಪಾಲು ಏನು ಹೇಳುತ್ತದೆ? ಶುದ್ಧ ನೀರು ಕೆಂಪನ್ನು ಬೇಗ ನುಂಗುತ್ತದೆ. ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕನ್ನಂತೂ ಪೂರ್ತಿಯಾಗಿ ನುಂಗಿಬಿಡುತ್ತದೆ. ಹಾಗಾಗಿ ಅಂಥ ಬೆಳಕಿನ ಚಿತ್ರದಲ್ಲಿ ನೀರು ಕಪ್ಪು, ಗಿಡಮರ ಬೆಳ್ಳಗೆ. ಹಸಿರು ಬೆಳಕನ್ನೂ ಈ ಬೆಳಕನ್ನೂ ಹೋಲಿಸಿ ನೀರನ್ನು ಬೇರ್ಪಡಿಸುವ ಸರಳ ಸೂತ್ರವೊಂದನ್ನು ಮ್ಯಾಕ್‌ಫೀಟರ್ಸ್ ಅನ್ನುವ ಸಂಶೋಧಕರು 1996ರಲ್ಲಿ ಕೊಟ್ಟರು, ಇಂದಿಗೂ ಎಲ್ಲರೂ ಅದನ್ನೇ ಶುರುವಿಗೆ ಬಳಸುತ್ತಾರೆ. ಮಣ್ಣು ಕಲಸಿದ ನೀರು ಕೆಂಪು ಬೆಳಕನ್ನು ಜಾಸ್ತಿ ಹಿಂದಿರುಗಿಸುತ್ತದೆ. ಪಾಚಿಯಲ್ಲಿರುವ ಕ್ಲೋರೊಫಿಲ್ ನೀಲಿ ಮತ್ತು ಕೆಂಪನ್ನು ಹೀರಿ, 700 ನ್ಯಾನೊಮೀಟರ್‌ ಅಲೆಯುದ್ದದ ಹತ್ತಿರ, ಮರಳಿ ಬರುವ ಬೆಳಕಿನ ರೇಖೆಯಲ್ಲಿ ಒಂದು ಸಣ್ಣ ಗುಡ್ಡ ಎಬ್ಬಿಸುತ್ತದೆ. ನೀಲಿ-ಹಸಿರು ಪಾಚಿಯಲ್ಲಿ ಮಾತ್ರ ಇನ್ನೊಂದು ಬಣ್ಣವಸ್ತು ಇದೆ, ಫೈಕೊಸಯನಿನ್. ಅದು 620ರ ಹತ್ತಿರ ಹೀರುತ್ತದೆ. ಆ ಪಟ್ಟಿ ಇರುವ ಉಪಗ್ರಹ ಸಿಕ್ಕರೆ ಸಾಧಾರಣ ಪಾಚಿಗೂ ತೊಂದರೆ ಕೊಡುವ ಪಾಚಿಗೂ ವ್ಯತ್ಯಾಸ ಹಿಡಿಯಬಹುದು.

ಇಷ್ಟೇ. ಬಣ್ಣವಿಲ್ಲದ್ದು ಉಪಗ್ರಹಕ್ಕೆ ಕಾಣುವುದಿಲ್ಲ. ನೈಟ್ರೇಟಿಗೆ ಬಣ್ಣವಿಲ್ಲ. ಫ್ಲೋರೈಡ್‌ಗೆ ಬಣ್ಣವಿಲ್ಲ. ಕೋಲಿಫಾರಂ ಬ್ಯಾಕ್ಟೀರಿಯಾ, ಸೀಸ, ಕೀಟನಾಶಕ ಯಾವುದೂ ಕಾಣುವುದಿಲ್ಲ. ನೀರಿನಲ್ಲಿ ಕರಗಿರುವ ಆಮ್ಲಜನಕವೂ ಅಷ್ಟೇ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಆಮ್ಲಜನಕ ಇಳಿದದ್ದೇ ಕಾರಣ ಅಂತ ಹೇಳಲಾಯಿತು. ಆ ಇಳಿತವನ್ನು ಆಕಾಶದಿಂದ ನೇರವಾಗಿ ನೋಡುವ ಉಪಕರಣ ಅಂದೂ ಇರಲಿಲ್ಲ, ಇಂದೂ ಇಲ್ಲ. ಉಪಗ್ರಹದಿಂದ ನೀರಿನ ಗುಣಮಟ್ಟ ಪೂರ್ತಿ ಗೊತ್ತಾಗುತ್ತದೆ ಅಂತ ಯಾರಾದರೂ ನಿಮ್ಮ ನಗರಸಭೆಗೆ ಬಂದು ಹೇಳಿದರೆ, ಯಾವ ಯಾವ ಗುಣ ಅಂತ ಒಂದೊಂದಾಗಿ ಹೆಸರಿಸಲು ಹೇಳಿ.

ಬೆಳ್ಳಂದೂರು ಕೆರೆಯ ಕಥೆಯೂ ಇಲ್ಲಿ ಸಲ್ಲುತ್ತದೆ. ನೊರೆ, 2015, 2017, 2018ರಲ್ಲಿ ಹತ್ತಿದ ಬೆಂಕಿ ಎಲ್ಲರಿಗೂ ಗೊತ್ತು. ಉಪಗ್ರಹಕ್ಕೆ ಅಲ್ಲಿ ಎದುರಾಗುವ ತೊಡಕು ಜಲಕಳೆಯದ್ದು. ಕೆರೆ ತುಂಬ ಕಳೆ ಹಬ್ಬಿದಾಗ ಅಲ್ಲಿಂದ ಬರುವ ಬೆಳಕು ಥೇಟ್ ಹೊಲದ ಬೆಳಕು. ಸುಮ್ಮನೆ ಸೂತ್ರ ಹಾಕಿದರೆ ಕಂಪ್ಯೂಟರ್ ಅದನ್ನು ಬಯಲು ಅನ್ನುತ್ತದೆ. ಕಡತದಲ್ಲಿ ಕೆರೆ ಕುಗ್ಗಿತು ಅಂತ ಬರುತ್ತದೆ. ಆದರೆ ಐದು ದಿನಕ್ಕೊಮ್ಮೆ ಬರುವ ಸೆಂಟಿನೆಲ್-2 ಚಿತ್ರಗಳನ್ನು ಸಾಲಾಗಿ ಇಟ್ಟರೆ ಬೇರೆಯೇ ಕಾಣುತ್ತದೆ: ಗಾಳಿಗೆ ತಕ್ಕಂತೆ ಆ ಹಸಿರು ಜಾಗ ಬದಲಿಸುತ್ತದೆ. ಹೊಲ ಎಲ್ಲಾದರೂ ಓಡಾಡುತ್ತದಾ? ಒಂದು ಚಿತ್ರ ಸುಳ್ಳು ಹೇಳಬಹುದು, ಸಾಲು ಚಿತ್ರ ಹೇಳುವುದು ಕಷ್ಟ.

ತುಂಗಭದ್ರೆಯ ಹೂಳು

ಈಗ ನಿಮ್ಮೂರಿನ ಮಾತು. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. 2008ರ ಸಮೀಕ್ಷೆಯಲ್ಲಿ 100.855 ಟಿಎಂಸಿ. 2016ರ ಸಮೀಕ್ಷೆಯಲ್ಲಿ 105.788 ಟಿಎಂಸಿ. ಎಂಟು ವರ್ಷದಲ್ಲಿ ಐದು ಟಿಎಂಸಿಯಷ್ಟು ಹೂಳು ತಾನಾಗಿ ಎದ್ದು ಹೋಯಿತಾ? ಹೋಗಿಲ್ಲ ಅಂತ ನಿಮಗೂ ಗೊತ್ತು. ಅಳತೆಯಲ್ಲಿ ಅಷ್ಟು ವ್ಯತ್ಯಾಸಕ್ಕೆ ಜಾಗವಿದೆ ಅಂತ ಅರ್ಥ. ಮೂರು ರಾಜ್ಯಗಳು ಪಾಲು ಹಂಚಿಕೊಳ್ಳುವ ಜಲಾಶಯದಲ್ಲಿ ಐದು ಟಿಎಂಸಿ ಸಣ್ಣ ಮಾತಲ್ಲ. ಕಳೆದುಹೋದ ಸಾಮರ್ಥ್ಯಕ್ಕೆ ಬದಲಾಗಿ ನವಲಿಯಲ್ಲಿ ಇನ್ನೊಂದು ಜಲಾಶಯ ಬೇಕು ಅನ್ನುವ ಚರ್ಚೆಯೂ ಈ ಅಂಕಿಗಳ ಮೇಲೇ ನಿಂತಿದೆ.

ಹೂಳು ಅಳೆಯಲು ದೋಣಿಯಲ್ಲಿ ಹೋಗಿ ಶಬ್ದದ ಅಲೆ ಬಿಟ್ಟು ಆಳ ನೋಡುವುದು ಒಂದು ದಾರಿ. ಇನ್ನೊಂದು ಉಪಗ್ರಹದ ದಾರಿ. ಅದು ಹೇಗೆ ಅಂದರೆ, ಜಲಾಶಯ ತುಂಬಿದ ದಿನದಿಂದ ಬೇಸಿಗೆಯಲ್ಲಿ ತಳ ಕಾಣುವವರೆಗಿನ ಚಿತ್ರಗಳನ್ನು ಆರಿಸಿಕೊಳ್ಳುವುದು. ಪ್ರತಿ ಚಿತ್ರದಲ್ಲೂ ನೀರು ಎಷ್ಟು ಚದರ ಕಿಲೋಮೀಟರ್ ಹರಡಿದೆ ಎಣಿಸುವುದು. ಆ ದಿನ ನೀರಿನ ಮಟ್ಟ ಎಷ್ಟಿತ್ತು ಅನ್ನುವುದನ್ನು ಅಣೆಕಟ್ಟಿನ ದಾಖಲೆಯಿಂದ ತೆಗೆದುಕೊಳ್ಳುವುದು. ಪೂರ್ಣ ಮಟ್ಟ 1633 ಅಡಿ ಇದ್ದಾಗ ಇಷ್ಟು ಹರವು, 1620 ಅಡಿಗೆ ಇಳಿದಾಗ ಇಷ್ಟು ಹರವು ಅಂತ ಗೊತ್ತಾದರೆ ನಡುವಿನ ಪದರದಲ್ಲಿ ಎಷ್ಟು ನೀರು ಹಿಡಿಯುತ್ತದೆ ಅಂತ ಲೆಕ್ಕ ಹಾಕಬಹುದು. ಹಳೆಯ ಲೆಕ್ಕದ ಜೊತೆ ಹೋಲಿಸಿದರೆ ಆ ಪದರದ ಹೂಳು ಸಿಗುತ್ತದೆ.

ದೋಣಿ ಸಮೀಕ್ಷೆಗಿಂತ ಇದು ಅಗ್ಗ, ಬೇಗವೂ ಆಗುತ್ತದೆ. ದೇಶದ ಎಷ್ಟೋ ಜಲಾಶಯಗಳಿಗೆ ಹೀಗೇ ಮಾಡಿದ್ದಾರೆ. ಆದರೆ ಆ ವರ್ಷ ನೀರು ಎಲ್ಲಿಯವರೆಗೆ ಇಳಿಯಿತೋ ಅಲ್ಲಿಯವರೆಗಿನ ಲೆಕ್ಕ ಮಾತ್ರ ಸಿಗುತ್ತದೆ. ಅದರ ಕೆಳಗಿನ ಹೂಳು ಉಪಗ್ರಹಕ್ಕೆ ಕಾಣುವುದೇ ಇಲ್ಲ. ಬರಗಾಲದ ವರ್ಷ ರೈತನಿಗೆ ಕೆಟ್ಟದ್ದು, ಹೂಳು ಅಳೆಯುವವನಿಗೆ ಒಳ್ಳೆಯದು. ಇನ್ನೂ ಒಂದು ಮಾತು. ಪೂರ್ಣ ಮಟ್ಟದಲ್ಲಿ ಈ ಜಲಾಶಯದ ಹರವು ಸುಮಾರು 378 ಚದರ ಕಿಲೋಮೀಟರ್. ಅಂಥ ಕಡೆ ಅಣೆಕಟ್ಟಿನ ಮಟ್ಟಗೋಲು ಅರ್ಧ ಅಡಿ ತಪ್ಪು ತೋರಿಸಿದರೆ ಎರಡು ಟಿಎಂಸಿ ಆಚೀಚೆ ಆಗುತ್ತದೆ. ಕೋಟಿಗಟ್ಟಲೆ ರೂಪಾಯಿಯ ಉಪಗ್ರಹದ ಉತ್ತರ ಕೊನೆಗೆ ಒಂದು ಮಟ್ಟಗೋಲಿನ ಮೇಲೆ ನಿಲ್ಲುತ್ತದೆ.

2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿ ಹೋದದ್ದು ನಿಮಗೆ ನಾನು ಹೇಳಬೇಕಾಗಿಲ್ಲ. ಉಪಗ್ರಹಕ್ಕೆ ಅದು ಮೊದಲೇ ಗೊತ್ತಾಗಬಹುದಿತ್ತಾ ಅಂತ ಇಲ್ಲಿಗೆ ಬರುವ ಮೊದಲೇ ಒಬ್ಬರು ಫೋನ್ ಮಾಡಿ ಕೇಳಿದರು. ಇಲ್ಲ. ತುಕ್ಕು ಹಿಡಿದ ಸರಪಳಿಯನ್ನು ಹತ್ತಿರ ಹೋಗಿ ನೋಡಬೇಕು.

ಮೋಡ ಕವಿದಾಗ

ನಮ್ಮ ದೇಶದಲ್ಲಿ ನೀರಿನ ಸುದ್ದಿ ಜಾಸ್ತಿ ಇರುವ ನಾಲ್ಕು ತಿಂಗಳು ಆಕಾಶ ಮುಚ್ಚಿರುತ್ತದೆ. ಬಣ್ಣ ನೋಡುವ ಉಪಗ್ರಹಗಳು ಆಗ ಮೋಡದ ಫೋಟೊ ತೆಗೆಯುತ್ತಾ ಕೂರುತ್ತವೆ. ಆಗ ಕೈಹಿಡಿಯುವುದು ರಾಡಾರ್. ಅದು ತಾನೇ ಅಲೆ ಕಳಿಸಿ, ಮರಳಿ ಬಂದದ್ದನ್ನು ಅಳೆಯುತ್ತದೆ. ಮೋಡ, ಕತ್ತಲೆ ಯಾವುದೂ ಅಡ್ಡಿಯಲ್ಲ. ಸಮತಟ್ಟಾದ ನೀರು ಅಲೆಯನ್ನು ಆಚೆ ಕಡೆಗೆ ಚಿಮ್ಮಿಸುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಭೀಮಾ, ಕೃಷ್ಣೆ ಉಕ್ಕಿದಾಗ ಯಾವ ಊರು ಮುಳುಗಿದೆ ಅನ್ನುವ ನಕ್ಷೆಗಳನ್ನು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇಂಥ ಚಿತ್ರಗಳಿಂದಲೇ ಮಾಡುತ್ತದೆ. ನಮ್ಮದೇ ಇಒಎಸ್-04 ಇದೆ, ಯುರೋಪಿನ ಸೆಂಟಿನೆಲ್-1 ಇದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಇನ್ನೂ ಉದ್ದದ ಅಲೆ ಬಳಸುತ್ತದೆ. ಆ ಅಲೆ ಗಿಡಗಳ ಎಲೆ ದಾಟಿ ಕೆಳಗೆ ನಿಂತ ನೀರನ್ನು ಮುಟ್ಟಬಲ್ಲದು.

ಆದರೆ ರಾಡಾರ್ ನಕ್ಷೆ ಬರುವುದು ನೆರೆ ಬಂದ ಮೇಲೆ. ಪರಿಹಾರಕ್ಕೆ, ಬೆಳೆ ನಷ್ಟದ ಲೆಕ್ಕಕ್ಕೆ ಅದು ಬಹಳ ಉಪಯೋಗ. ನೆರೆ ಬರುವ ಮೊದಲಿನ ಮಾತಿಗೆ ಮೇಲಿನ ಜಲಾಶಯದಿಂದ ಎಷ್ಟು ಬಿಟ್ಟರು ಅನ್ನುವ ಮಾಹಿತಿ, ನದಿಯ ಮಟ್ಟ, ಪಂಚಾಯಿತಿ ಮಟ್ಟದ ಮಳೆಮಾಪಕ ಇವೇ ಬೇಕು. ಈ ಮಳೆಮಾಪಕಗಳ ಜಾಲ ಕರ್ನಾಟಕದಲ್ಲಿ ಚೆನ್ನಾಗಿದೆ, ಅದನ್ನು ಒಪ್ಪಿಕೊಳ್ಳಬೇಕು.

ನೋಡುತ್ತಿದ್ದೂ ತಪ್ಪಿಸಲಾಗದ ಒಂದು ಘಟನೆ ಹೇಳುತ್ತೇನೆ. ಸಿಕ್ಕಿಂನ ದಕ್ಷಿಣ ಲೊನಾಕ್ ಹಿಮ ಸರೋವರ. ಹಿಮನದಿ ಕರಗಿದಂತೆ ಅದು ವರ್ಷವರ್ಷವೂ ಹಿಗ್ಗುತ್ತಿದೆ ಅಂತ ಉಪಗ್ರಹ ಚಿತ್ರಗಳು ತೋರಿಸಿದ್ದವು. ಒಡೆಯುವ ಅಪಾಯವಿದೆ ಅಂತ ವಿಜ್ಞಾನಿಗಳು ದಶಕದ ಹಿಂದೆಯೇ ಬರೆದಿದ್ದರು. 2023ರ ಸೆಪ್ಟೆಂಬರ್ 28ರ ಚಿತ್ರದಲ್ಲಿ ಅದರ ಹರವು 167.4 ಹೆಕ್ಟೇರ್. ಅಕ್ಟೋಬರ್ 4ರ ಚಿತ್ರದಲ್ಲಿ 60.3 ಹೆಕ್ಟೇರ್. ನಡುವೆ ದಂಡೆಯ ಹೆಪ್ಪುಗಟ್ಟಿದ ಇಳಿಜಾರು ಕುಸಿದು ಸರೋವರಕ್ಕೆ ಬಿತ್ತು. ಎದ್ದ ಅಲೆ ಕಟ್ಟೆ ಒಡೆಯಿತು. ಕೆಳಗೆ ಚುಂಗ್‌ಥಾಂಗ್‌ನ ತೀಸ್ತಾ-3 ಅಣೆಕಟ್ಟೇ ಕೊಚ್ಚಿ ಹೋಯಿತು. ಸರೋವರ ಒಡೆಯಬಹುದು ಅಂತ ಗೊತ್ತಿತ್ತು, ಯಾವ ರಾತ್ರಿ ಅಂತ ಗೊತ್ತಿರಲಿಲ್ಲ. ಅದನ್ನು ಹೇಳಲು ಸರೋವರದ ದಂಡೆಯಲ್ಲೇ ಮಟ್ಟಮಾಪಕ, ಕೆಳಗಿನ ಊರುಗಳಲ್ಲಿ ಸೈರನ್ ಬೇಕು.

ಕರಾವಳಿಯ ಮುನ್ಸೂಚನೆ

ಬರೀ ಕೆಟ್ಟ ಸುದ್ದಿಯೇ ಬೇಡ. ನಮ್ಮಲ್ಲಿ ಗಟ್ಟಿಯಾಗಿ ನಿಂತಿರುವ ಒಂದು ಮುನ್ಸೂಚನೆ ಇದೆ, ಬಯಲುಸೀಮೆಯವರಿಗೆ ಅಷ್ಟಾಗಿ ಗೊತ್ತಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಅನ್ನುವ ಸಾಗರ ಮಾಹಿತಿ ಸಂಸ್ಥೆ ಮೀನು ಸಿಗಬಹುದಾದ ಜಾಗಗಳ ಸೂಚನೆ ಕೊಡುತ್ತದೆ, ಕನ್ನಡದಲ್ಲಿಯೂ. ಸಮುದ್ರದ ಮೇಲ್ಮೈ ಉಷ್ಣತೆ ಮತ್ತು ಕ್ಲೋರೊಫಿಲ್ ಎರಡನ್ನೂ ಉಪಗ್ರಹದಿಂದ ನೋಡಿ, ತಣ್ಣನೆಯ ನೀರೂ ಬೆಚ್ಚನೆಯ ನೀರೂ ಸೇರುವ ಗಡಿಗಳನ್ನು ಗುರುತಿಸುತ್ತಾರೆ. ಅಲ್ಲಿ ಸೂಕ್ಷ್ಮ ಸಸ್ಯಗಳು ಜಾಸ್ತಿ, ಅದನ್ನು ತಿನ್ನುವ ಬೂತಾಯಿ, ಬಂಗುಡೆಯೂ ಜಾಸ್ತಿ ಇರುವ ಸಾಧ್ಯತೆ. ಯಾವ ಬಂದರಿನಿಂದ ಯಾವ ದಿಕ್ಕಿಗೆ, ಎಷ್ಟು ದೂರ, ಎಷ್ಟು ಆಳ ಅಂತ ಹೇಳುತ್ತಾರೆ. ಸುಮ್ಮನೆ ಹುಡುಕಾಡಿ ಡೀಸೆಲ್ ಸುಡುವುದು ತಪ್ಪುತ್ತದೆ.

ಭಾರತ ಸಮುದ್ರದ ಬಣ್ಣ ನೋಡಲೆಂದೇ 1999ರ ಮೇನಲ್ಲಿ ಓಷನ್‌ಸ್ಯಾಟ್-1 ಹಾರಿಸಿತು, 2009ರಲ್ಲಿ ಎರಡನೆಯದು, 2022ರ ನವೆಂಬರ್‌ನಲ್ಲಿ ಮೂರನೆಯದು. ಇದಕ್ಕೆಲ್ಲ ಅಡಿಪಾಯ 1988ರ ಐಆರ್‌ಎಸ್-1ಎ. ಆಗ ಇಸ್ರೊ ಮುಖ್ಯಸ್ಥರು ಉಡುಪಿಯ ಯು.ಆರ್. ರಾವ್. ಅದರ ಒಂದು ಕ್ಯಾಮೆರಾಗೆ ಕಾಣುತ್ತಿದ್ದ ಚೌಕ 72.5 ಮೀಟರಿನದು.

ಕರಾವಳಿಯಲ್ಲಿ ಇದು ಯಾಕೆ ನಿಂತಿತು, ಕೆರೆಗಳಲ್ಲಿ ಯಾಕೆ ನಿಲ್ಲಲಿಲ್ಲ? ನನ್ನ ಅಭಿಪ್ರಾಯ ಇಷ್ಟು. ಮೀನುಗಾರ ಸಂಜೆ ಬಲೆ ಎತ್ತಿದಾಗ ಮುನ್ಸೂಚನೆ ಸರಿಯಾ ತಪ್ಪಾ ಅಂತ ಅಲ್ಲೇ ಗೊತ್ತಾಗುತ್ತದೆ. ಮೀನು ಸಿಗದಿದ್ದರೆ ಬಂದರಿನಲ್ಲಿ ಜಗಳ ಆಡುತ್ತಾನೆ. ಅಂದರೆ ಪ್ರತಿದಿನ ಯಾರೋ ನೆಲದ ಮೇಲೆ, ಅಲ್ಲ, ನೀರಿನ ಮೇಲೆ ಅದನ್ನು ಪರೀಕ್ಷಿಸುತ್ತಿದ್ದಾರೆ. ಕೆರೆಗೆ ಅಂಥ ಜಗಳಗಂಟ ಇಲ್ಲ. ತಿಂಗಳಿಗೊಮ್ಮೆ ಒಂದು ಬಾಟಲಿ ನೀರು ಪ್ರಯೋಗಾಲಯಕ್ಕೆ ಹೋಗುತ್ತದೆ. ಉಪಗ್ರಹ ಮೇಲೆ ಹಾದ ದಿನಕ್ಕೂ ಬಾಟಲಿ ತುಂಬಿದ ದಿನಕ್ಕೂ ತಾಳೆಯಾಗುವುದು ಅಪರೂಪ. ಕೆರೆಯ ಯಾವ ಮೂಲೆಯಿಂದ ತುಂಬಿದರು ಅಂತ ಎಷ್ಟೋ ಸಲ ಬರೆದಿರುವುದೂ ಇಲ್ಲ. ತಾಳೆ ಇಲ್ಲದ ಅಂಕಿಗಳಿಂದ ಯಾವ ಮಾದರಿಯೂ ಕಲಿಯುವುದಿಲ್ಲ, ಈಗ ಎಲ್ಲರೂ ಹೇಳುವ ಎಐ ಕೂಡ. ಸೆಂಟಿನೆಲ್-2 ನಿಮ್ಮ ಕೆರೆಯ ಮೇಲೆ ಯಾವ ದಿನ ಹಾಯುತ್ತದೆ ಅನ್ನುವುದು ಮೊದಲೇ ಗೊತ್ತಿರುತ್ತದೆ. ಬಾಟಲಿ ತುಂಬುವ ದಿನವನ್ನು ಅದಕ್ಕೆ ಹೊಂದಿಸಲು ಒಂದು ರೂಪಾಯಿಯೂ ಜಾಸ್ತಿ ಬೇಡ, ಒಂದು ಸುತ್ತೋಲೆ ಸಾಕು.

ಸಭಿಕರ ಪ್ರಶ್ನೆಗಳು

ಜಲಾಶಯದ ನೀರು ಕೆಲವು ವರ್ಷ ಹಸಿರಾಗುತ್ತದೆ. ದನಗಳಿಗೆ ಕುಡಿಸಬಹುದಾ?

ಹಸಿರಾದದ್ದೆಲ್ಲ ವಿಷವಲ್ಲ. ವಿಷ ಇದೆಯಾ ಇಲ್ಲವಾ ಅಂತ ಉಪಗ್ರಹ ಹೇಳಲಾರದು, ಪ್ರಯೋಗಾಲಯವೇ ಹೇಳಬೇಕು. ಆದರೆ ಗಾಳಿ ತಳ್ಳಿ ತಂದ ಪಾಚಿ ದಂಡೆಯಲ್ಲಿ ಬಣ್ಣ ಚೆಲ್ಲಿದ ಹಾಗೆ ದಪ್ಪಗೆ ಕಟ್ಟಿದ್ದರೆ ಆ ಜಾಗದಲ್ಲಿ ದನ ಇಳಿಸಬೇಡಿ. ಇಂಥ ನೀರು ಕುಡಿದು ದನ, ನಾಯಿ ಸತ್ತ ಉದಾಹರಣೆ ಜಗತ್ತಿನ ಎಷ್ಟೋ ಕಡೆ ಇವೆ. ಕುದಿಸಿದರೆ ವಿಷ ಹೋಗುವುದಿಲ್ಲ.

ನಮ್ಮ ಬೋರ್‌ವೆಲ್ ಯಾವಾಗ ಬತ್ತುತ್ತದೆ ಅಂತ ಉಪಗ್ರಹ ಹೇಳುತ್ತದಾ?

ಒಂದು ಬೋರ್‌ವೆಲ್ ಬಗ್ಗೆ ಹೇಳುವುದಿಲ್ಲ. ಗ್ರೇಸ್ ಅನ್ನುವ ಜೋಡಿ ಉಪಗ್ರಹ 2002ರಿಂದ ಭೂಮಿಯ ಗುರುತ್ವದ ಸಣ್ಣ ಏರಿಳಿತ ಅಳೆದು ಅಂತರ್ಜಲದ ಲೆಕ್ಕಕ್ಕೆ ದಾರಿ ಮಾಡಿತು. ಪಂಜಾಬ್, ಹರಿಯಾಣ, ರಾಜಸ್ಥಾನದಲ್ಲಿ 2002ರಿಂದ 2008ರವರೆಗೆ 109 ಘನ ಕಿಲೋಮೀಟರ್ ಅಂತರ್ಜಲ ಕಳೆದುಹೋಯಿತು ಅಂತ 2009ರಲ್ಲಿ ನಾಸಾದ ಮ್ಯಾಥ್ಯೂ ರೋಡೆಲ್ ಮತ್ತು ಜೊತೆಗಾರರು ತೋರಿಸಿದ್ದು ಹೀಗೆ. ಅದು ನೋಡುವುದು ನೂರಾರು ಕಿಲೋಮೀಟರ್ ಅಗಲದ ಪ್ರದೇಶವನ್ನು. ನಿಮ್ಮ ಕೊಳವೆಗೆ ಹಗ್ಗ ಇಳಿಸಿ ನೋಡುವುದೇ ಸರಿ.

ಈ ಚಿತ್ರಗಳಿಗೆ ದುಡ್ಡು ಕೊಡಬೇಕಾ?

ಬೇಡ. ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಉಚಿತ, 1972ರಷ್ಟು ಹಳೆಯವೂ ಸಿಗುತ್ತವೆ. ಸೆಂಟಿನೆಲ್ ಚಿತ್ರಗಳನ್ನು ಕೋಪರ್ನಿಕಸ್ ಬ್ರೌಸರ್‌ನಲ್ಲಿ ಮೊಬೈಲಿನಲ್ಲೇ ತೆರೆದು ನೋಡಬಹುದು. ಇಸ್ರೊದ ಭುವನ್ ಜಾಲತಾಣ ಕೂಡ ಇದೆ. ನಿಜ ಬಣ್ಣದ ಚಿತ್ರದ ಬದಲು ಕಾಣದ ಬೆಳಕನ್ನು ಕೆಂಪಾಗಿ ತೋರಿಸುವ ಆಯ್ಕೆ ಒತ್ತಿ. ಕಳೆ ಕೆಂಪಾಗಿ, ನೀರು ಕಪ್ಪಾಗಿ ಎದ್ದು ಕಾಣುತ್ತದೆ.

ನಮ್ಮೂರ ಕೆರೆ ಐದೇ ಎಕರೆ. ಅದು ಕಾಣುತ್ತದಾ?

ಕಾಣುತ್ತದೆ. ಐದು ಎಕರೆ ಅಂದರೆ ಸುಮಾರು ಇಪ್ಪತ್ತು ಸಾವಿರ ಚದರ ಮೀಟರ್. ಸೆಂಟಿನೆಲ್-2ರ ಚೌಕ 10 ಮೀಟರಿನದು, ಹಾಗಾಗಿ ನಿಮ್ಮ ಕೆರೆಗೆ 200 ಚೌಕ ಸಿಗುತ್ತವೆ. ದಂಡೆಗೆ ತಾಗಿದ ಐವತ್ತು ಚೌಕಗಳಲ್ಲಿ ನೀರೂ ಏರಿಯೂ ಬೆರೆತಿರುತ್ತವೆ, ಅವನ್ನು ಬಿಡಿ. ಉಳಿದ ನೂರೈವತ್ತರಿಂದ ನೀರು ಎಷ್ಟು ಹರಡಿದೆ, ಕಳೆ ಎಷ್ಟು ಮುಚ್ಚಿದೆ ಅಂತ ಧೈರ್ಯವಾಗಿ ಹೇಳಬಹುದು. ಪಾಚಿಯ ಲೆಕ್ಕ ಬೇಕು ಅಂದರೆ 705 ನ್ಯಾನೊಮೀಟರಿನ ಪಟ್ಟಿ ನೋಡಬೇಕು. ಅದರ ಚೌಕ 20 ಮೀಟರಿನದು. ಆಗ ಒಟ್ಟು ಐವತ್ತೇ ಚೌಕ, ದಂಡೆಯವನ್ನು ಬಿಟ್ಟರೆ ಇಪ್ಪತ್ತೈದು. ಕೆರೆ ತುಂಬಿದ್ದಾಗ ಅಷ್ಟರಿಂದ ಒಂದು ಅಂದಾಜು ಮಾಡಬಹುದು. ಏಪ್ರಿಲ್‌ನಲ್ಲಿ ನೀರು ಅರ್ಧ ಎಕರೆಗೆ ಇಳಿದಾಗ ಆ ಲೆಕ್ಕಕ್ಕೆ ಕೈ ಹಾಕಬೇಡಿ, ಆಗ ಬರುವ ಅಂಕಿ ಪಕ್ಕದ ಜಾಲಿ ಗಿಡದ್ದಾಗಿರುತ್ತದೆ.